ಯೂಟ್ಯೂಬ್ ವಿಡಿಯೊ ಚೆನ್ನಾಗಿದ್ದರೂ ಅದರಿಂದ ಮಾಡಿದ ಜಿಫ್ ಯಾಕೆ ಪಟ್ಟೆಪಟ್ಟೆಯಾಗಿ ಕಾಣುತ್ತದೆ? ಸರಿಮಾಡುವುದು ಹೇಗೆ?

ಜಿಫ್ 1987ರ ಫಾರ್ಮ್ಯಾಟ್. ಸಾಮಾನ್ಯವಾಗಿ ಒಂದು ಫ್ರೇಮಿಗೆ ಹೆಚ್ಚೆಂದರೆ 256 ಬಣ್ಣ. ಸಂಜೆಯ ಆಕಾಶದಂಥ ದೃಶ್ಯಕ್ಕೆ ಅಷ್ಟು ಎಲ್ಲಿ ಸಾಕು? ಹಾಗಾಗಿ ಆ 256 ಯಾವುವು ಎಂಬುದರಲ್ಲೇ ಅರ್ಧ ಗುಟ್ಟು ಅಡಗಿದೆ. ಆನ್‌ಲೈನ್ ಕನ್ವರ್ಟರ್‌ಗಳಲ್ಲಿ ಇದು ನಮ್ಮ ಕೈಯಲ್ಲಿರುವುದು ಕಡಿಮೆ. ನಾನು ಬಳಸುವುದು ಎಫ್‌ಎಫ್‌ಎಂಪೆಗ್ ಎಂಬ ವಿಡಿಯೊ ಸಾಫ್ಟ್‌ವೇರ್. ಮೊದಲು 'ಪ್ಯಾಲೆಟ್‌ಜೆನ್' ಫಿಲ್ಟರ್‌ನಿಂದ ಆ ತುಣುಕಿಗೇ ಬೇಕಾದ ಬಣ್ಣಗಳನ್ನು ಆರಿಸಿ, ಆಮೇಲೆ 'ಪ್ಯಾಲೆಟ್‌ಯೂಸ್'ನಿಂದ ಜಿಫ್ ಮಾಡಿ. ಹಿನ್ನೆಲೆ ಅಲುಗಾಡದೆ ಮುಖವಷ್ಟೇ ಅಲುಗಾಡುತ್ತಿದ್ದರೆ ಪ್ಯಾಲೆಟ್‌ಜೆನ್‌ನ ಸ್ಟ್ಯಾಟ್ಸ್ ಮೋಡ್ ಎಂಬ ಸೆಟ್ಟಿಂಗನ್ನು 'ಡಿಫ್' ಎಂದಿಡಿ, ಚಲಿಸುವ ಭಾಗದ ಬಣ್ಣಗಳಿಗೆ ಆದ್ಯತೆ ಸಿಗುತ್ತದೆ. ಆಕಾಶದ ಪಟ್ಟೆ ಹೋಗಲಾಡಿಸಲು ಡಿದರಿಂಗ್ (ಇರುವ ಬಣ್ಣಗಳ ಚುಕ್ಕೆಗಳನ್ನು ಬೆರೆಸಿ ನಡುವಿನ ಬಣ್ಣ ಕಾಣುವಂತೆ ಮಾಡುವುದು) ಬೇಕೇ ಬೇಕು. ಸಣ್ಣ ಚುಕ್ಕೆಗಳು ಕಾಣುತ್ತವೆ, ಸಹಿಸಿಕೊಳ್ಳಿ.

ಮೂಲ ಫೈಲು 1080ಪಿ ಇರಲಿ, ಅದನ್ನು ಲ್ಯಾಂಕ್ಜೋಸ್ ಎಂಬ ಚಿತ್ರದ ಗಾತ್ರ ಬದಲಿಸುವ ವಿಧಾನದಲ್ಲಿ 480 ಪಿಕ್ಸೆಲ್ ಅಗಲಕ್ಕೆ ಇಳಿಸಿ. 360ಪಿ ತಂದು ಹಿಗ್ಗಿಸಿದರೆ ಪ್ರಯೋಜನವಿಲ್ಲ.

ವೇಗದ ವಿಷಯ ಹಲವರಿಗೆ ಗೊತ್ತಿಲ್ಲ: ಜಿಫ್‌ನಲ್ಲಿ ಫ್ರೇಮಿನ ಅವಧಿಯನ್ನು ಸೆಕೆಂಡಿನ ನೂರನೇ ಒಂದು ಭಾಗದ ಲೆಕ್ಕದಲ್ಲಿ ಬರೆಯುತ್ತಾರೆ. 10, 20, 25 ಎಫ್‌ಪಿಎಸ್ (ಸೆಕೆಂಡಿಗೆ ಇಷ್ಟು ಫ್ರೇಮು) ಸರಿಯಾಗಿ ಕೂರುತ್ತವೆ, ನೂರನ್ನು ಶೇಷವಿಲ್ಲದೆ ಭಾಗಿಸದ 15 ಕೂರುವುದಿಲ್ಲ. ನಾಲ್ಕೈದು ಸೆಕೆಂಡಿಗಿಂತ ಉದ್ದ ಮಾಡಬೇಡಿ, ಫೈಲು ಊದಿಕೊಳ್ಳುತ್ತದೆ.

ಅಂದಹಾಗೆ, ಟೆಲಿಗ್ರಾಂ ಜಿಫ್ ಎಂದು ತೋರಿಸುವುದು ಹೆಚ್ಚಾಗಿ ಶಬ್ದವಿಲ್ಲದ ಎಂಪಿ4. ಅಲ್ಲಿಗೇ ಕಳಿಸುವುದಾದರೆ ಇಷ್ಟೆಲ್ಲ ಕಸರತ್ತು ಬೇಡ, ನೇರವಾಗಿ ಎಂಪಿ4 ತುಣುಕನ್ನೇ ಹಾಕಿ.