ಇಂಗ್ಲಿಷಿನ ‘ತಿಂಡಿ’ ಹೊಗಳಿಕೆಗಳು: ಯಾವುದನ್ನು ಎಲ್ಲಿ ಬಳಸಬೇಕು?

‘ತುಂಬಾ ಚೆನ್ನಾಗಿದೆ’ ಅನ್ನಲು ಇಂಗ್ಲಿಷಿನಲ್ಲಿ ತಿಂಡಿ-ತಿನಿಸಿನ ಪದ ಬಳಸುತ್ತಾರಲ್ಲ, ಅವನ್ನು ನಾವೂ ಧೈರ್ಯವಾಗಿ ಬಳಸಬಹುದಾ ಎಂದು ಕೇಳಿದ್ದೀರಿ. ಬಳಸಿ. ಆದರೆ ಇವುಗಳಲ್ಲಿ ಕೆಲವು ಸ್ವಲ್ಪ ಆಚೀಚೆಯಾದರೂ ಬೈಗುಳವಾಗುತ್ತವೆ, ಹಾಗಾಗಿ ನಾನು ಅವುಗಳಿಂದಲೇ ಶುರುಮಾಡುತ್ತೇನೆ.

‘ಹೀ ಕುಕ್ಡ್’ ಅಂದರೆ ಈಗಿನ ಹುಡುಗರ ಮಾತಿನಲ್ಲಿ ‘ಧೂಳೆಬ್ಬಿಸಿಬಿಟ್ಟ’. ನಡುವೆ ಒಂದು ‘ಈಸ್’ ಸೇರಿ ‘ಹೀ ಈಸ್ ಕುಕ್ಡ್’ ಆಯಿತೋ, ‘ಅವನ ಕಥೆ ಮುಗೀತು’ ಎಂದರ್ಥ. ಬ್ಯಾಟ್ಸ್‌ಮನ್ ಸೆಂಚುರಿ ಬಾರಿಸಿದರೆ ಮೊದಲನೆಯದು. ಕೊನೆಯ ಓವರಿಗೆ ನಲವತ್ತು ರನ್ ಬೇಕಿದ್ದರೆ ‘ವಿ ಆರ್ ಕುಕ್ಡ್’. ಅಡುಗೆ ಮಾಡಿದವನು ಅವನಾದರೆ ಮೆಚ್ಚುಗೆ, ಬೆಂದುಹೋದವನು ಅವನಾದರೆ ಸೋಲು. ಬೇಗ ಮಾತಾಡುವಾಗ ಆ ‘ಈಸ್’ ಬರೀ ‘ಸ್’ ಆಗಿ ಸವೆಯುವುದರಿಂದ ಕಿವಿಗೊಟ್ಟು ಕೇಳಬೇಕು.

‘ಟೇಕ್ಸ್ ದ ಕೇಕ್’ ಇನ್ನೂ ಅಪಾಯ. ಪದಶಃ ಬಹುಮಾನ ಗೆದ್ದಂತೆ ಕೇಳಿಸುತ್ತದೆ, ಆದರೆ ಇವತ್ತು ಅದನ್ನು ಹೆಚ್ಚಾಗಿ ಬಳಸುವುದು ‘ಇದಂತೂ ಅತಿಯಾಯ್ತು’ ಅನ್ನಲು. ಬ್ರಿಟನ್ನಿನವರ ‘ಟೇಕ್ಸ್ ದ ಬಿಸ್ಕಿಟ್’ ಕೂಡ ಅಷ್ಟೇ. ಯಾರನ್ನಾದರೂ ಹೊಗಳಬೇಕಿದ್ದರೆ ಇವೆರಡನ್ನೂ ಬಿಟ್ಟುಬಿಡಿ.

‘ಶೀ ಏಟ್’ (ಪದಶಃ ‘ಅವಳು ತಿಂದಳು’, ಅಂದರೆ ಅಮೋಘವಾಗಿ ಮಾಡಿದಳು) ಹಾಡು, ಕುಣಿತ, ಉಡುಪಿನ ಮೆಚ್ಚುಗೆಗೆ ಚೆನ್ನ. ‘ಆ್ಯಂಡ್ ಲೆಫ್ಟ್ ನೋ ಕ್ರಂಬ್ಸ್’ ಎಂದು ಸೇರಿಸಿದರೆ ಒಂದು ಚೂರೂ ಕೊರತೆಯಿಲ್ಲ ಎಂದು. ಗೆಳೆಯರ ಚಾಟ್‌ಗೆ ಸರಿ, ಮ್ಯಾನೇಜರ್‌ಗೆ ಬರೆಯುವ ಮೇಲ್‌ಗೆ ಬೇಡ.

‘ದ ಬೆಸ್ಟ್ ಥಿಂಗ್ ಸಿನ್ಸ್ ಸ್ಲೈಸ್ಡ್ ಬ್ರೆಡ್’ ಹೊಸ ವಸ್ತು, ಹೊಸ ಉಪಾಯಗಳಿಗೆ ಹೊಂದುತ್ತದೆ. ಯಂತ್ರದಲ್ಲಿ ಕೊಯ್ದ ಬ್ರೆಡ್ ಮೊದಲು ಮಾರಾಟಕ್ಕೆ ಬಂದದ್ದು 1928ರ ಜುಲೈ 7ರಂದು, ಅಮೆರಿಕದ ಮಿಸೌರಿ ರಾಜ್ಯದ ಚಿಲಿಕಾಥಿಯಲ್ಲಿ; ಆ ಯಂತ್ರವನ್ನು ರೂಪಿಸಿದವರು ಒಟ್ಟೊ ರೋಹ್‌ವೆಡರ್ ಎಂಬುವರು. ಅದೇ ಮಾತನ್ನು ‘ಹೀ ಥಿಂಕ್ಸ್ ಹೀ ಈಸ್…’ ಎಂದು ಶುರುಮಾಡಿದರೆ ಮಾತ್ರ ‘ಅವನಿಗೆ ಜಂಭ’ ಎಂದಾಗುತ್ತದೆ.

‘ಕ್ರೀಮ್ ಆಫ್ ದ ಕ್ರಾಪ್’ ಎಂಬುದನ್ನು ಒಂದು ಗುಂಪಿನಿಂದ ಆರಿಸಿ ತೆಗೆದ ಶ್ರೇಷ್ಠರಿಗೆ ಹೇಳಿ. ನಮ್ಮ ಪತ್ರಿಕೆಗಳ ‘ಕೆನೆಪದರ’ದ ಜತೆ ಬೆರೆಸಬೇಡಿ: ಅದು ಹಿಂದುಳಿದ ವರ್ಗಗಳಲ್ಲಿ ಸ್ಥಿತಿವಂತರಾಗಿ ಮೀಸಲಾತಿಯಿಂದ ಹೊರಗುಳಿಯುವವರ ಮಾತು, ಪ್ರತಿಭೆಯದ್ದಲ್ಲ.

ಇನ್ನು ‘ಬಿಗ್ ಚೀಸ್’, ಅಂದರೆ ದೊಡ್ಡ ಕುಳ. ಇದರ ಮೂಲ ಎನ್ನಲಾದ, ‘ಭಲೇ ಒಳ್ಳೆಯದು’ ಎಂಬರ್ಥದ ಹಳೆಯ ‘ಚೀಸ್’ ಹಾಲಿನದ್ದಲ್ಲ, ಬಹುಶಃ ಹಿಂದುಸ್ತಾನಿಯ ‘ಚೀಜ್’ (ವಸ್ತು) ಎಂದು ಭಾರತದ ಇಂಗ್ಲಿಷ್ ಪದಗಳ 1886ರ ‘ಹಾಬ್ಸನ್-ಜಾಬ್ಸನ್’ ನಿಘಂಟೇ ಹೇಳುತ್ತದೆ. ಆದರೂ ಬಾಸ್‌ಗೆ ಎದುರಾಎದುರು ಹಾಗನ್ನಬೇಡಿ, ಗೇಲಿಯಂತೆ ಕೇಳಿಸುತ್ತದೆ.