ಬೇಸಿಗೇಲಿ ದಿನಾ ಎರಡು ಸಲ ನೀರು ಹಾಕಿದ್ರೂ ಗಿಡ ಬಾಡ್ತಿವೆ, ಟೊಮ್ಯಾಟೊ ಹೂ ಉದುರ್ತಿದೆ, ಏನ್ ಮಾಡ್ಲಿ?

ನೀವು ಕೇಳಿರೋದು ಏನಂದ್ರೆ ಬೆಳಗ್ಗೆ ಸಂಜೆ ಎರಡೂ ಹೊತ್ತು ನೀರು ಹಾಕಿದ್ರೂ ಮಧ್ಯಾಹ್ನಕ್ಕೆ ಟೊಮ್ಯಾಟೊ, ಬದನೆ, ಗುಲಾಬಿ ಎಲ್ಲಾ ಜೋತು ಬೀಳ್ತವೆ, ಹೂ ಬಂದ್ರೂ ನಿಲ್ತಿಲ್ಲ, ಗೊಬ್ಬರ ಜಾಸ್ತಿ ಮಾಡ್ಬೇಕಾ ಅಂತ. ದಯವಿಟ್ಟು ಈಗ ಗೊಬ್ಬರ ಹಾಕ್ಬೇಡಿ. ಮೊದಲು ಬುಡದ ಹತ್ರ ಬೆರಳು ಪೂರ್ತಿ ಮಣ್ಣೊಳಗೆ ಇಳಿಸಿ ನೋಡಿ, ಒಳಗೆ ತೇವ ಇದ್ಯಾ ಇಲ್ವಾ ಅಂತ. ಬೇಸಿಗೇಲಿ ನಾವೆಲ್ಲ ಎಲೆ ನೋಡಿ ಗಾಬರಿ ಬೀಳ್ತೀವಿ, ನೋಡ್ಬೇಕಾಗಿರೋದು ಬೇರಿನ ಕಡೆ.

ಉರಿ ಬಿಸಿಲಲ್ಲಿ ಎಲೆಯಿಂದ ಆವಿಯಾಗಿ ಹೋಗೋ ನೀರಿನ ವೇಗಕ್ಕೆ ಸರಿಯಾಗಿ ಬೇರು ನೀರು ಎಳ್ಕೊಂಡು ಕೊಡಕ್ಕೆ ಆಗಲ್ಲ, ಮಣ್ಣು ಒದ್ದೆ ಇದ್ರೂ ಅಷ್ಟೇ, ಅದಕ್ಕೇ ಮಧ್ಯಾಹ್ನ ಗಿಡ ಎಲೆ ಇಳಿಬಿಟ್ಕೊಂಡು ನಿಲ್ಲುತ್ತೆ, ಬಿಸಿಲು ಇಳಿದ ಮೇಲೆ ತಾನಾಗೇ ಎದ್ದೇಳುತ್ತೆ. ಹಾಗಾಗಿ ಗಿಡದ ಸ್ಥಿತಿ ತಿಳ್ಕೊಳಕ್ಕೆ ಬೆಳಗ್ಗೆ ಎದ್ದ ತಕ್ಷಣ ನೋಡಿ. ಆಗ್ಲೂ ಬಾಡಿದ್ರೆ ಮಾತ್ರ ತೊಂದರೆ. ನಾನು ಒಂದು ಬೇಸಿಗೇಲಿ ಒಂದು ಸಾಲು ಮೆಣಸಿನ ಗಿಡ ಪೂರ್ತಿ ಕಳ್ಕೊಂಡೆ, ಬಾಡಿದೆ ಅಂತ ನೀರು, ಮತ್ತೆ ಬಾಡಿದೆ ಅಂತ ಮತ್ತೆ ನೀರು, ಕೊನೆಗೆ ಕಿತ್ತು ನೋಡಿದ್ರೆ ಬೇರು ಕಂದು ಬಣ್ಣಕ್ಕೆ ತಿರುಗಿ ಮೆತ್ತಗೆ ಕೊಳೆತುಹೋಗಿತ್ತು. ಬೇರಿಗೆ ಗಾಳಿನೂ ಬೇಕು, ಸದಾ ನೀರಲ್ಲಿ ನಿಂತ್ರೆ ಕೊಳೆಯುತ್ತೆ, ಕೊಳೆತ ಬೇರು ನೀರು ಎಳೆಯಲ್ಲ, ಆಗ್ಲೂ ಎಲೆ ಬಾಡುತ್ತೆ. ನೀರು ಕಮ್ಮಿ ಆದ್ರೂ ಜಾಸ್ತಿ ಆದ್ರೂ ಮೇಲೆ ಕಾಣೋದು ಒಂದೇ ಥರ. ಆ ಗಿಡಗಳನ್ನ ನೆನೆಸ್ಕೊಂಡ್ರೆ ಈಗ್ಲೂ ಬೇಜಾರಾಗುತ್ತೆ, ನಿಮಗೆ ಹಾಗಾಗೋದು ಬೇಡ.

ಎರಡೂ ಹೊತ್ತು ಚಿಮುಕಿಸೋದಕ್ಕಿಂತ ಬೆಳಗ್ಗೆ ಬೇಗ ಒಂದೇ ಸಲ ಚೆನ್ನಾಗಿ ನೆನೆಯೋ ಹಾಗೆ ಹಾಕಿ. ಚಿಮುಕಿಸಿದ ನೀರು ಮೇಲಿನ ಒಂದಿಂಚು ಮಾತ್ರ ಒದ್ದೆ ಮಾಡುತ್ತೆ, ಬೇರೂ ಅಲ್ಲೇ ಮೇಲೇ ಓಡಾಡುತ್ತೆ, ಬಿಸಿಲಿಗೆ ಮೊದಲು ಕಾಯೋದು ಅದೇ ಜಾಗ. ನೆಲದ ಪಾತಿ ಆದ್ರೆ ಒಂದು ಚದರ ಮೀಟರಿಗೆ ವಾರಕ್ಕೆ ಸುಮಾರು 25 ಲೀಟರ್ ಅಂತ ಲೆಕ್ಕ ಇಟ್ಕೊಂಡು ಎರಡು ಮೂರು ಸಲಕ್ಕೆ ಹಂಚಿ, ಮರಳು ಮಣ್ಣಾದ್ರೆ ಅಥವಾ ಬಿಸಿಲು ತುಂಬಾ ಜೋರಿದ್ರೆ ಇನ್ನೂ ಬೇಕಾಗುತ್ತೆ. ಕುಂಡಗಳಿಗೆ ಈ ಲೆಕ್ಕ ನಡೆಯಲ್ಲ, ಅವಕ್ಕೆ ದಿನಾ ಬೇಕು, ಸಣ್ಣ ಕುಂಡಕ್ಕೆ ಕೆಲವೊಮ್ಮೆ ಎರಡು ಸಲ, ಆದ್ರೆ ಪ್ರತಿ ಸಲ ಬೆರಳಿಟ್ಟು ನೋಡಿ, ಹಾಕಿದ್ರೆ ಕೆಳಗಿನ ತೂತಿಂದ ಇಳಿಯೋ ತನಕ ಹಾಕಿ. ಇಲ್ಲಿ ಇನ್ನೊಂದು ವಿಷಯ, ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಅಥವಾ ಮಣ್ಣು ತೀರಾ ಒಣಗಿದ್ರೆ ಅದು ಕುಗ್ಗಿ ಕುಂಡದ ಗೋಡೆ ಬಿಟ್ಟುಕೊಳ್ಳುತ್ತೆ, ಆಗ ನೀರು ಆ ಸಂದಿಲಿ ಸರ್ರನೆ ಇಳಿದು ಹೊರಗೆ ಬರುತ್ತೆ, ನಾವು ತುಂಬಿತು ಅನ್ಕೋತೀವಿ, ಒಳಗೆ ಬೇರಿನ ಮುದ್ದೆ ಒಣಗಿದಂಗೇ ಇರುತ್ತೆ. ಹಾಗಾದ್ರೆ ಕುಂಡನ ಅರ್ಧ ಗಂಟೆ ನೀರಿನ ಟಬ್‌ನಲ್ಲಿ ಇಟ್ಟು ಎತ್ತಿ. ಬಿಸಿಲಲ್ಲಿ ಬಿದ್ದಿರೋ ಪೈಪಿನ ಮೊದಲ ನೀರು ಸುಡ್ತಿರುತ್ತೆ, ಅದನ್ನ ಬಕೆಟ್‌ಗೆ ಹಿಡಿದಿಟ್ಟು ಆರಿದ ಮೇಲೆ ಹಾಕಿ.

ನೀವು ಒಂದೇ ಒಂದು ಕೆಲಸ ಮಾಡೋದಾದ್ರೆ ಬುಡಕ್ಕೆ ಹೊದಿಕೆ ಮಾಡಿ. ಮಲ್ಚಿಂಗ್ ಅಂತಾರಲ್ಲ ಅದೇ. ತರಗೆಲೆ, ಒಣಹುಲ್ಲು, ತೆಂಗಿನ ನಾರು, ಕಿತ್ತ ಕಳೆ ಒಣಗಿಸಿದ್ದು (ಬೀಜ ಕಟ್ಟಿರಬಾರ್ದು), ಏನಾದ್ರೂ ಸರಿ, ಎರಡರಿಂದ ಮೂರು ಇಂಚು ದಪ್ಪ ಹರಡಿ, ಕಾಂಡದ ಸುತ್ತ ಮಾತ್ರ ಮೂರು ಬೆರಳು ಜಾಗ ಬಿಡಿ, ಇಲ್ಲಾಂದ್ರೆ ಅಲ್ಲಿ ತೇವ ಕೂತು ಕಾಂಡ ಕೊಳೆಯುತ್ತೆ. ಮಧ್ಯಾಹ್ನ ಆ ಹೊದಿಕೆ ಸರಿಸಿ ಕೆಳಗಿನ ಮಣ್ಣು ಮುಟ್ಟಿ ನೋಡಿ, ಆಮೇಲೆ ಪಕ್ಕದ ಬರೀ ಮಣ್ಣು ಮುಟ್ಟಿ, ವ್ಯತ್ಯಾಸ ಕೈಗೇ ಗೊತ್ತಾಗುತ್ತೆ. ನನ್ನ ತೋಟದಲ್ಲಿ ಇದೊಂದರಿಂದ ಆದಷ್ಟು ಬದಲಾವಣೆ ಬೇರೆ ಯಾವುದರಿಂದಲೂ ಆಗಿಲ್ಲ.

ಕಪ್ಪು ಪ್ಲಾಸ್ಟಿಕ್ ಕುಂಡ, ಗ್ರೋ ಬ್ಯಾಗ್ ಇವೆಲ್ಲ ಕಾಂಕ್ರೀಟ್ ಮೇಲಿದ್ರೆ ಒಳಗೆ ಬೇರು ಬೆಂದೇ ಹೋಗುತ್ತೆ. ಕೆಳಗೆ ಇಟ್ಟಿಗೆ ಕೊಟ್ಟು ಎತ್ತರಿಸಿ, ಸುತ್ತ ಗೋಣಿಚೀಲ ಸುತ್ತಿ, ಎಲ್ಲಾ ಕುಂಡಗಳನ್ನ ಒತ್ತೊತ್ತಾಗಿ ಒಂದು ಕಡೆ ಸೇರಿಸಿ, ಪಶ್ಚಿಮದ ಬಿಸಿಲು ಬೀಳೋ ಕಡೆ ದೊಡ್ಡ ಗಿಡ ಇಡಿ. ಶೇಡ್ ನೆಟ್ (ನೆರಳಿನ ಬಲೆ) ಕಟ್ಟೋದಾದ್ರೆ ತರಕಾರಿಗೆ 30ರಿಂದ 50 ಪರ್ಸೆಂಟ್ ಬಿಸಿಲು ತಡೆಯೋದು ಸಾಕು, ಅದಕ್ಕಿಂತ ದಟ್ಟ ಆದ್ರೆ ಗಿಡ ಸಣಕಲಾಗಿ ಉದ್ದ ಹೋಗುತ್ತೆ, ಹೂ ಬಿಡಲ್ಲ.

ಇನ್ನು ಟೊಮ್ಯಾಟೊ ಹೂ. ಹಗಲು 35 ಡಿಗ್ರಿ ದಾಟಿ, ರಾತ್ರಿನೂ 24ರ ಕೆಳಗೆ ಇಳಿಯದೆ ಹೋದ್ರೆ ಅದರ ಪರಾಗ ಕೆಟ್ಟುಹೋಗುತ್ತೆ, ಕಾಯಿ ಕಟ್ಟಲ್ಲ, ಹೂ ಉದುರುತ್ತೆ. ಇದಕ್ಕೆ ಯಾವ ಟಾನಿಕ್ಕೂ ಇಲ್ಲ. ಮಧ್ಯಾಹ್ನ ನೆರಳು ಕೊಟ್ಟು ಗಿಡ ಜೀವಂತ ಇಟ್ಕೊಳ್ಳಿ, ಕೀಳ್ಬೇಡಿ, ಸೆಕೆ ಇಳಿದ ಮೇಲೆ ಮತ್ತೆ ಕಟ್ಟುತ್ತೆ. ಈಗ ಸಾರಜನಕದ ಗೊಬ್ಬರ ಸುರಿದ್ರೆ ಬರೀ ಎಳೆ ಎಲೆ ಬರುತ್ತೆ, ಅದಕ್ಕೆ ಇನ್ನೂ ನೀರು ಬೇಕು, ಜೊತೆಗೆ ಒಣ ಮಣ್ಣಲ್ಲಿ ಗೊಬ್ಬರದ ಉಪ್ಪು ಬೇರನ್ನ ಸುಡುತ್ತೆ. ಕಾಯಿಯ ತುದಿ ಕಪ್ಪಾಗಿ ಒಳಕ್ಕೆ ಕುಸಿದಿದ್ರೆ ಅದು ಕಾಯಿಗೆ ಕ್ಯಾಲ್ಸಿಯಂ ತಲುಪದೆ ಆಗಿರೋದು, ಮಣ್ಣಲ್ಲಿ ಕ್ಯಾಲ್ಸಿಯಂ ಇದ್ರೂ ಅದು ನೀರಿನ ಜೊತೆನೇ ಹೋಗ್ಬೇಕಲ್ಲ, ಒಂದಿನ ಒಣಗಿಸಿ ಇನ್ನೊಂದಿನ ಮುಳುಗಿಸಿದ್ರೆ ಹೀಗಾಗುತ್ತೆ. ಕೆಳಗಿನ ಎಲೆ ಎಲ್ಲಾ ಸವರಿ ಕಾಯಿನ ಬಿಸಿಲಿಗೆ ಬಿಡಬೇಡಿ, ಸಿಪ್ಪೆ ಬೆಳ್ಳಗೆ ಸುಟ್ಟುಹೋಗುತ್ತೆ.

ಹೊಸದಾಗಿ ಏನಾದ್ರೂ ಹಾಕೋದಾದ್ರೆ ಬೆಂಡೆ, ಅಲಸಂದೆ, ಗೋರಿಕಾಯಿ, ದಂಟು, ಬಸಳೆ ಹಾಕಿ, ಇವಕ್ಕೆ ಸೆಕೆ ಇಷ್ಟ. ಕೊತ್ತಂಬರಿ, ಪಾಲಕ್ ಈಗ ಬೇಡ, ಬೇಗ ಹೂವಿಗೆ ಹೋಗಿಬಿಡ್ತವೆ. ಹೂವಲ್ಲಿ ನಿತ್ಯಪುಷ್ಪ, ಜಿನಿಯಾ, ಟೇಬಲ್ ರೋಸ್ ಬಿಸಿಲಿಗೆ ಜಗ್ಗಲ್ಲ. ಗುಲಾಬಿಗೆ ಈಗ ಜೋರು ಪ್ರೂನಿಂಗ್ ಬೇಡ, ಒಣಗಿದ ಹೂ ಮಾತ್ರ ಕತ್ತರಿಸ್ತಾ ಇರಿ.

ಎಲೆ ಮೇಲೆ ಸಣ್ಣ ಸಣ್ಣ ಹಳದಿ ಚುಕ್ಕೆ, ಕೆಳಗೆ ನವಿರಾದ ಬಲೆ ಕಂಡ್ರೆ ಅದು ನುಸಿ (ಮೈಟ್ ಅಂತಾರಲ್ಲ, ಎಲೆ ರಸ ಹೀರೋ ತೀರಾ ಸಣ್ಣ ಜೀವಿ), ಒಣ ಸೆಕೆಲಿ ತುಂಬಾ ಬೇಗ ಹೆಚ್ಚುತ್ತೆ. ಬೆಳಗ್ಗೆ ಎಲೆಯ ಅಡಿಭಾಗಕ್ಕೆ ನೀರು ರಭಸವಾಗಿ ಹೊಡೀರಿ, ಎರಡು ದಿನಕ್ಕೊಮ್ಮೆ. ಬೇವಿನ ಎಣ್ಣೆ ಹೊಡೆಯೋದಾದ್ರೆ ಸೂರ್ಯ ಮುಳುಗಿದ ಮೇಲೆ, ಬಿಸಿಲಲ್ಲಿ ಹೊಡೆದ್ರೆ ಎಲೆ ಸುಡುತ್ತೆ.

ನಾಳೆ ಬೆಳಗ್ಗೆ ಬಿಸಿಲು ಏರೋ ಮುಂಚೆ ಗಿಡ ಹೇಗಿದೆ, ಬೆರಳಿಗೆ ತೇವ ಸಿಕ್ತಾ ಅಂತ ನೋಡಿ ಇಲ್ಲೇ ಬರೀರಿ. ಮಣ್ಣು ಒದ್ದೆ ಇದ್ದೂ ಬೆಳಗ್ಗೇನೂ ಬಾಡಿದ್ರೆ ಒಂದು ಕುಂಡ ಮೆಲ್ಲಗೆ ಬೋರಲು ಹಾಕಿ ಬೇರಿನ ಬಣ್ಣ ನೋಡಿ ಹೇಳಿ, ಬಿಳಿ ಇದ್ರೆ ಇನ್ನೂ ಉಳಿಸ್ಕೋಬಹುದು.