ಖಳನಾಯಕ ನನ್ನ ಹಾಗೇ ಯೋಚಿಸ್ತಾನೆ, ನಾನೂ ಅಂಥವನಾ?

ಪ್ರಶ್ನೆ: ಮೇಡಂ, ನಾನು ಸೆಕೆಂಡ್ ಪಿಯುಸಿ ಓದುತ್ತಿದ್ದೇನೆ. ಕಳೆದ ವರ್ಷ ಅಪ್ಪನ ಪ್ರಿಂಟಿಂಗ್ ಪ್ರೆಸ್ ಮುಚ್ಚಿಹೋಯಿತು. ಈಗ ಇನ್ನೊಬ್ಬರ ಅಂಗಡಿಯಲ್ಲಿ ಕೆಲಸಕ್ಕಿದ್ದಾರೆ. ಕಾಲೇಜಿನಲ್ಲಿ ಯಾರಿಗೂ ಹೇಳಿಲ್ಲ. ಫ್ರೆಂಡ್ಸ್ ಮಲ್ಲೇಶ್ವರದಲ್ಲಿ ದೋಸೆ ತಿನ್ನೋಕೆ ಹೊರಟರೆ ಹೊಟ್ಟೆ ಸರಿಯಿಲ್ಲ ಅಂತೀನಿ. ಒಂದು ಟ್ರಸ್ಟ್ ನಮ್ಮ ಕಾಲೇಜಿನ ಒಬ್ಬರಿಗೆ ಮಾತ್ರ ಸ್ಕಾಲರ್‌ಶಿಪ್ ಕೊಡುತ್ತದೆ. ಮಾರ್ಕ್ಸ್ ಜೊತೆ ಪ್ರಾಜೆಕ್ಟ್ ಕೂಡ ನೋಡುತ್ತಾರೆ. ಪೈಪೋಟಿ ಇರುವುದು ನನಗೂ ನನ್ನ ಆಪ್ತ ಗೆಳೆಯನಿಗೂ. ಅವನ ಪ್ರಾಜೆಕ್ಟ್ ಅರ್ಧಕ್ಕರ್ಧ ಅವನ ಅಣ್ಣ ಮಾಡಿಕೊಟ್ಟಿದ್ದು. ಒಂದು ರಾತ್ರಿ ಅವನೇ ಬೇಜಾರಿನಲ್ಲಿ ವಾಟ್ಸಾಪ್ ವಾಯ್ಸ್ ನೋಟ್ ಕಳಿಸಿ ಹೇಳಿದ. ಅದು ನನ್ನ ಫೋನಿನಲ್ಲಿದೆ. ಲೆಕ್ಚರರ್‌ಗೆ ಫಾರ್ವರ್ಡ್ ಮಾಡಿದರೆ ಮುಗೀತು. ಅವನ ಮನೇಲಿ ದುಡ್ಡಿನ ಕೊರತೆಯೇ ಇಲ್ಲ. ಈ ನಡುವೆ 'ದಿ ಬ್ಯಾಲಡ್ ಆಫ್ ಸಾಂಗ್‌ಬರ್ಡ್ಸ್ ಅಂಡ್ ಸ್ನೇಕ್ಸ್' ಓದಿದೆ. ಅದರಲ್ಲಿ ಸ್ನೋ ಅನ್ನೋ ಹುಡುಗ ಮಾಡಿದ್ದೆಲ್ಲ ನನಗೆ ಸರಿ ಅನ್ನಿಸಿತು. ಅದಕ್ಕೇ ಭಯ ಆಗ್ತಿದೆ.
- ಹೆಸರು ಬೇಡ, ಬೆಂಗಳೂರು

ಉತ್ತರ: ಸ್ನೋ ಸರಿ ಅನ್ನಿಸಿದ್ದಕ್ಕೆ ನೀನು ಕೆಟ್ಟವನಾಗಿಬಿಡಲ್ಲ ಕಣೋ. ಆ ಪುಸ್ತಕ ಬರೆದಿರುವುದೇ ಹಾಗೆ. ಓದದವರಿಗಾಗಿ ಸ್ವಲ್ಪ ಹೇಳಿಬಿಡುತ್ತೇನೆ. 'ಹಂಗರ್ ಗೇಮ್ಸ್' ಕಥೆಯಲ್ಲಿ 24 ಮಕ್ಕಳನ್ನು ಅಖಾಡಕ್ಕೆ ಬಿಟ್ಟು, ಒಬ್ಬರು ಉಳಿಯುವ ತನಕ ಬಡಿದಾಡಿಸುತ್ತಾರೆ. ಆ ದೇಶದ ಕ್ರೂರ ಅಧ್ಯಕ್ಷ ಈ ಸ್ನೋ. 2020ರಲ್ಲಿ ಬಂದ ಈ ಪುಸ್ತಕ 64 ವರ್ಷ ಹಿಂದಕ್ಕೆ ಹೋಗಿ, ಅವನ 18ನೇ ವಯಸ್ಸಿನ ಕಥೆ ಹೇಳುತ್ತದೆ. ಮೊದಲಿಂದ ಕೊನೆಯವರೆಗೆ ನಾವು ಅವನ ತಲೆಯೊಳಗೇ ಕೂತಿರುತ್ತೇವೆ. ಅವನ ಸಮಜಾಯಿಷಿ ಬಿಟ್ಟರೆ ಬೇರೆಯವರ ಮನಸ್ಸು ನಮಗೆ ಕಾಣುವುದೇ ಇಲ್ಲ. ಹಾಗಿರುವಾಗ ಅವನ ಪರ ವಹಿಸದೆ ಓದುವುದು ಕಷ್ಟ.

ಅಯ್ಯೋ ಪಾಪ ಅನ್ನುವುದಕ್ಕೆ ನಾಚಿಕೆಯೂ ಬೇಡ. ನಮ್ಮ ನಾಗಚಂದ್ರನ ರಾವಣನನ್ನು ನೋಡು. ಸೀತೆಯ ಸಂಕಟ ಕಂಡು ಅವನ ಮನಸ್ಸು ತಿರುಗುತ್ತದೆ, ವಾಪಸ್ ಕೊಡಬೇಕು ಅಂತಲೂ ಅನ್ನಿಸುತ್ತದೆ. ಆದರೆ ಸೋತು ಕೊಟ್ಟ ಅಂತ ಜನ ಅಂದುಕೊಂಡಾರು, ಗೆದ್ದೇ ಕೊಡುತ್ತೇನೆ ಅಂತ ಯುದ್ಧಕ್ಕೆ ಹೋಗುತ್ತಾನೆ. ಓದುವಾಗ ಕರುಳು ಚುರುಕ್ ಅನ್ನುತ್ತದೆ. ಆದರೂ ಅವನು ಮಾಡಿದ್ದು ಸರಿ ಅಂತ ಯಾರೂ ಪುಸ್ತಕ ಮುಚ್ಚುವುದಿಲ್ಲ.

ಈಗ ನಿನ್ನ ವಿಷಯ. ಸ್ನೋ ಕೆಟ್ಟಿದ್ದು ಬಡತನದಿಂದ ಅಂತ ನೀನು ಓದಿಕೊಂಡಿದ್ದೀಯ ಅಂತ ನನಗೆ ಅನುಮಾನ. ಪುಸ್ತಕದ ಶುರು ನೆನಪಿದೆಯಾ? ಒಳ್ಳೆ ಮನೆತನದ ಹುಡುಗ, ಒಲೆ ಮೇಲೆ ಬರೀ ಎಲೆಕೋಸು ಬೇಯುತ್ತಿದೆ. ಕಾರ್ಯಕ್ರಮಕ್ಕೆ ಹಾಕಿಕೊಳ್ಳಲು ನೆಟ್ಟಗೆ ಒಂದು ಶರ್ಟಿಲ್ಲ. ಅಪ್ಪನ ಹಳೇ ಶರ್ಟನ್ನು ಕಸಿನ್ ಟೈಗ್ರಿಸ್ ಸರಿಮಾಡಿ, ಬಚ್ಚಲುಮನೆಯ ಚಿಕ್ಕ ಚಿಕ್ಕ ಟೈಲ್ಸ್ ಚೂರುಗಳನ್ನೇ ಗುಂಡಿ ಮಾಡಿ ಹೊಲಿದುಕೊಡುತ್ತಾಳೆ. ಆ ಗುಂಡಿಗಳ ಹತ್ತಿರ ಸ್ವಲ್ಪ ಹೊತ್ತು ನಿಲ್ಲು. ಅವಳೂ ಅದೇ ಮನೆಯವಳು. ಅದೇ ಎಲೆಕೋಸು ತಿಂದವಳು. ಅವಳೂ ಅಪ್ಪ ಅಮ್ಮ ಇಲ್ಲದವಳು. ಆದರೆ ಆ ಹಸಿವಿನಲ್ಲಿ ಅವಳ ಕೈ ಇನ್ನೊಬ್ಬರಿಗಾಗಿ ದುಡಿಯಿತು. ಮುಂದೆ ಮುದುಕಿಯಾದಾಗ, ಸ್ನೋನ ಸೈನಿಕರಿಂದ ತಪ್ಪಿಸಿಕೊಂಡು ಬಂದ 'ಹಂಗರ್ ಗೇಮ್ಸ್' ನಾಯಕಿ ಕ್ಯಾಟ್ನಿಸ್‌ಗೆ ತನ್ನ ಅಂಗಡಿಯ ನೆಲಮಾಳಿಗೆಯಲ್ಲಿ ಜಾಗ ಕೊಡುವವಳೂ ಅವಳೇ. ಮನೆ ಕಷ್ಟವೇ ಮನುಷ್ಯನನ್ನು ಕೆಡಿಸುವುದಾದರೆ ಟೈಗ್ರಿಸ್ ಕೂಡ ಕೆಡಬೇಕಿತ್ತು ಅಲ್ವಾ?

ಸ್ನೋಗೆ ನಿಜವಾಗಿ ಹೆದರಿಕೆ ಇದ್ದದ್ದು ಹಸಿವಿನದ್ದಕ್ಕಿಂತ, ಹಸಿದಿದ್ದೇನೆ ಅಂತ ಗೊತ್ತಾಗಿಬಿಡುವುದರದ್ದು. ಅದನ್ನು ಮುಚ್ಚಿಡೋಕೆ ಒಂದು ಸುಳ್ಳು, ಅದನ್ನು ಕಾಯೋಕೆ ಇನ್ನೊಂದು. ಯಾರೇ ಹತ್ತಿರ ಬಂದರೂ ಇವರಿಂದ ಲಾಭವೋ ಅಪಾಯವೋ ಅನ್ನುವ ಲೆಕ್ಕ. ಅವನನ್ನು ಅಣ್ಣತಮ್ಮನ ಹಾಗೆ ನಂಬಿದ್ದ ಸೆಜಾನಸ್ ಗುಟ್ಟು ಬಿಚ್ಚಿಡುವಾಗ, ಇವನು, ಕೇಳಿದ ಮಾತನ್ನು ಹಾಗೇ ಹಿಡಿದಿಟ್ಟು ನುಡಿಯುವ ಪಂಜರದ ಹಕ್ಕಿಯೊಂದಕ್ಕೆ ಅದನ್ನು ರೆಕಾರ್ಡ್ ಮಾಡಿಸುತ್ತಾನೆ. ಒತ್ತಿದ್ದು ರಿಮೋಟಿನ ಒಂದು ಗುಂಡಿ. ಆ ಮಾತು ಮೇಲಿನವರ ಕಿವಿಗೆ ಬಿತ್ತು, ಸೆಜಾನಸ್‌ಗೆ ಗಲ್ಲಾಯಿತು. ಆಮೇಲೆ ಅದೇ ಸೆಜಾನಸ್‌ನ ಅಪ್ಪ ಅಮ್ಮನ ದುಡ್ಡಿನಲ್ಲಿ ಇವನು ಓದಿದ, ಅವರ ವಾರಸುದಾರನೂ ಆದ.

ನಿನ್ನ ಫೋನಿನಲ್ಲಿ ಇರುವುದೂ ಗೆಳೆಯನೊಬ್ಬ ನಂಬಿ ಆಡಿದ ಮಾತು. ಹಾಗಂತ ನೀನು ಸ್ನೋ ಆಗಿಬಿಟ್ಟೆ ಅಂತ ನಾನು ಹೇಳುತ್ತಿಲ್ಲ. ನೀನು ಇನ್ನೂ ಕಳಿಸಿಲ್ಲ, ಮೊದಲು ನನಗೆ ಬರೆದೆ.

ನಿನ್ನ ಗೆಳೆಯ ಮಾಡಿದ್ದು ತಪ್ಪು, ಅದನ್ನು ಹಗುರ ಮಾಡಲ್ಲ. ಆದರೆ ಒಂದು ಪ್ರಶ್ನೆ ಕೇಳಿಕೋ. ಈ ಸ್ಕಾಲರ್‌ಶಿಪ್ಪೇ ಇಲ್ಲದಿದ್ದರೆ ಆ ವಾಯ್ಸ್ ನೋಟನ್ನು ಲೆಕ್ಚರರ್‌ಗೆ ಕಳಿಸುತ್ತಿದ್ದೆಯಾ? ಇಲ್ಲ ಅಂತಾದರೆ ನಿನ್ನನ್ನು ತಳ್ಳುತ್ತಿರುವುದು ನ್ಯಾಯದ ಮಾತಲ್ಲ. ಅದನ್ನು ಡಿಲೀಟ್ ಮಾಡು. ಆಮೇಲೆ ಅವನನ್ನು ಎದುರಿಗೇ ಕೂರಿಸಿಕೊಂಡು ಹೇಳು: "ನಿನ್ನಣ್ಣ ಮಾಡಿಕೊಟ್ಟ ಪ್ರಾಜೆಕ್ಟ್ ಇಟ್ಟುಕೊಂಡು ಅರ್ಜಿ ಹಾಕಬೇಡ. ನನಗೆ ಈ ದುಡ್ಡು ಬೇಕು, ಮನೇಲಿ ಕಷ್ಟ ಇದೆ." ಅವನು ಹಿಂದೆ ಸರಿದರೂ ಸರಿಯಬಹುದು, ಸಿಟ್ಟಾಗಲೂಬಹುದು. ಅವನಿಗೇ ಸಿಕ್ಕಿಬಿಟ್ಟರೆ ನಿನಗೆ ಹೊಟ್ಟೆ ಉರಿಯುತ್ತದೆ. ಆ ಉರಿ ನಿಜವಾದದ್ದೇ, ಅದನ್ನು ಬೇಡ ಅನ್ನೋಕೆ ನಾನ್ಯಾರು?

ಮುಖ್ಯವಾಗಿ, ಈ ಒಂದು ಸ್ಕಾಲರ್‌ಶಿಪ್ ಹೋದರೆ ಎಲ್ಲ ಮುಗಿದುಹೋಯಿತು ಅನ್ನುವುದನ್ನು ಬಿಡು. ನಿನ್ನ ಕಷ್ಟ ಯಾರಿಗೂ ಗೊತ್ತಿಲ್ಲದ್ದರಿಂದಲೇ ಬೇರೆ ದಾರಿ ಯಾರೂ ತೋರಿಸಿಲ್ಲ. ಅಪ್ಪನ ಜೊತೆ ನಾಡಕಚೇರಿಗೆ ಹೋಗಿ ಆದಾಯ ಪ್ರಮಾಣಪತ್ರ ಮಾಡಿಸು. ಸರ್ಕಾರದ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಪಿಯುಸಿ ಮತ್ತು ಮುಂದಿನ ಓದಿನವರಿಗೆ ಬೇರೆಬೇರೆ ಇಲಾಖೆಗಳ ವಿದ್ಯಾರ್ಥಿವೇತನಗಳಿವೆ, ನಿನಗೆ ಯಾವುದು ಹೊಂದುತ್ತದೆ ನೋಡು. ಮುಂದೆ ಸಿಇಟಿ ಬರೆದು ಇಂಜಿನಿಯರಿಂಗ್ ಸೇರುವುದಾದರೆ, ಕಡಿಮೆ ಆದಾಯದ ಮನೆಯ ಮಕ್ಕಳಿಗೆ ಬೋಧನಾ ಶುಲ್ಕ ಇಲ್ಲದ ಎಸ್‌ಎನ್‌ಕ್ಯೂ ಸೀಟುಗಳೂ ಇವೆ. ಅದಕ್ಕೂ ಇದೇ ಪ್ರಮಾಣಪತ್ರ ಬೇಕು. ನಿನಗೆ ಹತ್ತಿರ ಅನ್ನಿಸುವ ಒಬ್ಬ ಲೆಕ್ಚರರ್‌ಗೆ ಮನೆ ಪರಿಸ್ಥಿತಿ ಹೇಳು. ಫೀಸು ಕಂತಿನಲ್ಲಿ ಕಟ್ಟುವ ಬಗ್ಗೆ ಅವರೇ ಆಫೀಸಿನಲ್ಲಿ ಮಾತಾಡಿಯಾರು.

ಅಪ್ಪ ಬೇಜಾರು ಮಾಡಿಕೊಳ್ಳುತ್ತಾರೆ ಅಂತ ಹಿಂಜರಿಯಬೇಡ. ಪ್ರೆಸ್ ಮುಚ್ಚಿದ ಮೇಲೆ ಇನ್ನೊಬ್ಬರ ಅಂಗಡಿಯಲ್ಲಿ ನಿಂತು ದುಡಿಯುತ್ತಿರುವ ಮನುಷ್ಯ ಅವರು, ಒಂದು ಅರ್ಜಿಗೆ ಸಹಿ ಹಾಕೋಕೆ ಖಂಡಿತ ಹಿಂದೇಟು ಹಾಕಲ್ಲ. ಈ ವಾರವೇ ಕೇಳು.